ಸುಟ್ಟ ಕಾಯಿಲ್ ಹಿಡಿಯುವ ವಿದ್ಯೆ

ಕರೆಂಟಿನ ಕೆಲಸದಲ್ಲಿ ನಗೆಯನ್ನು ಯಾರೂ ಕರೆಯಬೇಕಿಲ್ಲ, ತಾನೇ ಬಂದು ಬೆಂಚಿನ ಮೇಲೆ ಕೂಡುತ್ತದೆ. ಎಂಟನೇ ಕ್ಲಾಸು ನಪಾಸಾಗಿ ಗಂಗಾವತಿಯ ಮೋಟಾರು ಸುತ್ತುವ ಅಂಗಡಿ ಸೇರಿದ ಎರಡೇ ವರ್ಷದಲ್ಲಿ ನಾನು ಕಂಡದ್ದಿಷ್ಟು.

೧. ಮೂಗು

ಮೋಟಾರಿನೊಳಗಿನ ಯಾವ ಕಾಯಿಲ್, ಅಂದರೆ ತಂತಿಸುರುಳಿ, ಸುಟ್ಟಿದೆ ಎಂಬುದನ್ನು ನಮ್ಮ ಉಸ್ತಾದರು ಮೂಸಿಯೇ ಹೇಳುತ್ತಿದ್ದರು. ಒಂದು ದಿನ ಸುಟ್ಟ ತಂತಿಯ ತುಂಡೊಂದನ್ನು ಅವರ ಅಂಗಿಯ ಕಿಸೆಯಲ್ಲಿ ಇಳಿಬಿಟ್ಟೆ. ಅವತ್ತು ಬಂದ ಮೋಟಾರೆಲ್ಲ ಅವರ ಮೂಗಿಗೆ ಸುಟ್ಟವೇ. ಸಂಜೆ ತುಂಡು ಅವರ ಕೈಗೆ ಸಿಕ್ಕಿತು. ಇನ್ನೊಂದು ತಪ್ಪಾದರೆ ಹೊಳ್ಳಿ ಎಂಟನೇ ಕ್ಲಾಸಿಗೆ, ಸಾಲಿಗೆ ಅಟ್ಟುತ್ತೇನೆ ಅಂದರು. ಆದರೂ ನನಗೆ ನಗು ತಡೆಯಲಾಗಲಿಲ್ಲ, ಯಾಕೆಂದರೆ ಮಧ್ಯಾಹ್ನ ಚಹಾದ ಕಿಟ್ಲಿಯನ್ನೂ ಮೂಸಿ, "ಇದೂ ಸುಟ್ಟೈತಿ, ಬಿಚ್ಚು" ಅಂದಿದ್ದರು.

೨. ಸಿದ್ದಾಪುರದ ಗೌಡರು

ವಿಜ್ಞಾನದ ಮಾಸ್ತರರೊಬ್ಬರು ಪ್ರದರ್ಶನಕ್ಕೆ ಕಾಯಿಲ್ ಬೇಕೆಂದು ಬಂದರು. ಅವರೇ ಹೇಳಿದರು, ಹೊರದೇಶದಲ್ಲಿ ದೊಡ್ಡ ಅಯಸ್ಕಾಂತದ ಕಾಯಿಲನ್ನು ಬರ್ಫಕ್ಕಿಂತ ಎಷ್ಟೋ ತಣ್ಣಗೆ ಇಡುತ್ತಾರಂತೆ. ಆಗ ಕರೆಂಟಿಗೆ ತಡೆಯೇ ಇಲ್ಲವಂತೆ. ಅಕ್ಕಿಕಾಳಿನಷ್ಟು ಜಾಗ ಬಿಸಿಯಾದರೂ ಆ ಗುಣ ಹೋಗಿ ಇಡೀ ಕಾಯಿಲ್ ಸುಡಬಹುದಂತೆ. ಅಲ್ಲೇ ಕೂತಿದ್ದ ಸಿದ್ದಾಪುರದ ಗೌಡರು ಅಷ್ಟು ಕೇಳಿ ಎದ್ದುಹೋದರು. ಮರುದಿನ ಐಸ್‌ಕ್ಯಾಂಡಿಯವನ ಡಬ್ಬಿ ಪೂರಾ ಕೊಂಡು ಗದ್ದೆಯ ಮೋಟಾರಿನ ಮೇಲೆ ಸುರಿದರಂತೆ. ಸಂಜೆ ಅಂಗಡಿಗೆ ಬಂದಾಗ, ಮೋಟಾರು ಹೆಂಗೈತ್ರಿ ಅಂತ ಕೇಳಿದೆ.

"ಭಾಳ ಛಲೋ ಐತಪಾ. ಮುಂಜಾನಿಯಿಂದ ಒಟ್ಟ ಬಿಸಿ ಆಗಿಲ್ಲ."

ಆ ಕಡೆ ಹಿಂದಿನ ದಿನದಿಂದ ಕರೆಂಟೇ ಇರಲಿಲ್ಲ.

೩. ಮುಳ್ಳು

ಮಾಸ್ತರರ ಕಾಯಿಲ್ ಸುತ್ತಿದ್ದು ನಾನೇ. ಎರಡು ಸಮ ಭಾಗ, ಎರಡು ಬೋಗುಣಿ, ಎರಡರಲ್ಲೂ ಬರ್ಫ, ಮೇಲೊಂದು ಬಟ್ಟೆ. ಎರಡೂ ಒಂದೇ ಸಮ ತಣ್ಣಗಿದ್ದರೆ ಅವಕ್ಕೆ ಜೋಡಿಸಿದ ಮೀಟರಿನ ಮುಳ್ಳು ನಡುವೆ ನಿಲ್ಲುತ್ತದೆ. ಒಂದು ಬಿಸಿಯಾದರೆ ಆ ಕಡೆ ಸರಿಯುತ್ತದೆ. ಕೊಪ್ಪಳದ ಪ್ರದರ್ಶನದ ದಿನ ಉರಿಬಿಸಿಲು. ಪ್ರದರ್ಶನ ನೋಡಲು ಬಂದ ಶಿಕ್ಷಣ ಇಲಾಖೆಯ ಸಾಹೇಬರು ಶರಬತ್ತಿನ ಗ್ಲಾಸು ಹಿಡಿದೇ ನಮ್ಮ ಮೇಜಿಗೆ ಬಂದರು. ನೋಡಿದರೆ ಯಾರೂ ಮುಟ್ಟದೆಯೇ ಮುಳ್ಳು ಎಡಕ್ಕೆ ಬಿದ್ದಿದೆ. ಮಾಸ್ತರರು ಮೀಟರನ್ನು ತಟ್ಟಿ ನೋಡಿದರು. ಜೊತೆಗೆ ಬಂದಿದ್ದ ಉಸ್ತಾದರು ನನ್ನ ಕಿವಿಯ ಹತ್ತಿರ ಬಗ್ಗಿ, ನಾಳೆಯಿಂದ ಸಾಲಿ ಅಂದರು.

"ಕಾಯಿಲ್ ಸರಿ ಐತ್ರಿ. ಎಡಗಡಿ ಬೋಗುಣಿ ಬಿಸಿ ಆಗೈತಿ" ಎಂದು ಬಟ್ಟೆ ಎತ್ತಿದೆ. ಒಳಗೆ ಬರ್ಫವೇ ಇಲ್ಲ. ಸಾಹೇಬರ ಹಿಂದೆ ನಿಂತಿದ್ದ ಜವಾನ ತಲೆ ಕೆರೆದುಕೊಂಡ. ಶರಬತ್ತಿಗೆ ಬರ್ಫ ಬೇರೆಲ್ಲೂ ಸಿಗಲಿಲ್ಲವಂತೆ. ಎಲ್ಲರ ಕಣ್ಣೂ ಗ್ಲಾಸಿನ ಕಡೆ ಹೋಯಿತು.

ಸಾಹೇಬರು ಗಂಭೀರವಾಗಿ, ಈ ಯಂತ್ರ ಏನೇನು ಹೇಳುತ್ತದೆ ಎಂದು ಕೇಳಿದರು.

"ತಂಪು ಹೋಗಿದ್ದು ಹೇಳ್ತೈತ್ರಿ ಸಾಹೇಬ್ರ, ಯಾವ ಕಡಿಂದ ಹೋತು ಅನ್ನೂದೂ ಹೇಳ್ತೈತಿ. ಯಾರು ಕುಡದ್ರು ಅನ್ನೂದೊಂದ ಹೇಳೂದಿಲ್ರಿ."

ಉಸ್ತಾದರು ಹೊಟ್ಟೆ ಹಿಡಿದು ನಕ್ಕರು. ಸಾಲಿಯ ಮಾತು ಅಲ್ಲಿಗೆ ಮುಗಿಯಿತು. ಸಾಹೇಬರು ಮಾತ್ರ ಗ್ಲಾಸಿನಲ್ಲಿ ಉಳಿದಿದ್ದ ಚೂರನ್ನು ಎತ್ತಿ ಬೋಗುಣಿಗೆ ಹಾಕಿ, ಮುಳ್ಳು ನಡುವೆ ಬಂತೇನೋ ಎಂದು ಬಗ್ಗಿ ನೋಡಿದರು.