ಖೈರುನ್‌ಬಿಯ ಕೆಂಪು ಮೀನು

ಸಾಕಿದ ಪ್ರಾಣಿಗೆ ಕಾಯಿಲೆಯಾದರೆ ಅದೇ ಹೇಳುತ್ತದೆ, ನೋಡುವುದಕ್ಕೆ ನಮಗೆ ಕಣ್ಣಿರಬೇಕು ಅಷ್ಟೆ. ಎಮ್ಮೆಗೆ ಜ್ವರವೋ ಇಲ್ಲವೋ ಎಂದು ಕಿವಿ ಮುಟ್ಟಿದರೆ ತಿಳಿಯುತ್ತದೆ. ಮೆಲುಕು ನಿಂತರೆ ಹೊಟ್ಟೆ ಕೆಟ್ಟಿದೆ. ಮೂಗಿನ ತುದಿ ಒಣಗಿದರೆ ಒಂದು ಅರ್ಥ, ಸಗಣಿ ನೀರಾದರೆ ಇನ್ನೊಂದು. ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆ ಸೇರಿತೆಂದರೆ ಔಷಧ ಹುಡುಕುವುದಕ್ಕಿಂತ ಮಸಾಲೆ ಅರೆಯುವುದು ಲೇಸು. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಎಮ್ಮೆ ಮೇವು ಬಿಟ್ಟರೂ ಮೊದಲು ನನ್ನನ್ನೇ ಕರೆಯುತ್ತಾರೆ. ಈ ಜಂಬ ಇದ್ದದ್ದರಿಂದಲೇ ಮೀನು ನೋಡಿಕೊಳ್ಳಲು ಒಪ್ಪಿಕೊಂಡೆ. ಅದುವರೆಗೆ ನಾನು ಮೀನನ್ನು ಹತ್ತಿರದಿಂದ ನೋಡಿದ್ದು ಸಾರಿನಲ್ಲಿ ಮಾತ್ರ.

ಮೀನು ಪಕ್ಕದ ಮನೆಯ ಖೈರುನ್‌ಬಿಯದು. ಅವಳ ಗಂಡ ಬಳೆ ಮಾರಿಕೊಂಡು ಯಲ್ದೂರು, ಶ್ರೀನಿವಾಸಪುರ ಎಂದು ಸಂತೆ ಸಂತೆ ತಿರುಗುತ್ತಾನೆ. ಒಬ್ಬನೇ ಮಗ ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಬಿಳಿ ದೊರೆಯ ಕಾರು ಓಡಿಸುತ್ತಿದ್ದ. ದೊರೆ ತನ್ನ ದೇಶಕ್ಕೆ ಹೊರಟಾಗ ಕಾರನ್ನು ಮಾರಿದ, ನಾಯಿಯನ್ನು ಕರೆದುಕೊಂಡು ಹೋದ, ಗಾಜಿನ ಬುಂಡೆಯಲ್ಲಿದ್ದ ಎರಡು ಕೆಂಪು ಮೀನುಗಳನ್ನು ಇವನ ಕೈಗೆ ಕೊಟ್ಟ. ಇವನು ಬುಂಡೆಯನ್ನು ತಾಯಿಯ ಮುಂದೆ ತಂದಿಟ್ಟು, ಯುದ್ಧದ ಲಾರಿ ಓಡಿಸಲು ಸೇರಿಕೊಂಡು ಹಡಗು ಹತ್ತಿದ. ಆಮೇಲೆ ಸುದ್ದಿ ಬಂದದ್ದು ಕಡಿಮೆ, ಈಚೆಗಂತೂ ಇಲ್ಲವೇ ಇಲ್ಲ. ಖೈರುನ್‌ಬಿ ಬೆಳಿಗ್ಗೆ ಎದ್ದರೆ ಮೊದಲು ಬುಂಡೆ ನೋಡುತ್ತಾಳೆ. ಮೀನು ಓಡಾಡುತ್ತಿದ್ದರೆ ಮಗನೂ ಎಲ್ಲೋ ಓಡಾಡಿಕೊಂಡಿದ್ದಾನೆ ಎಂದು ಅವಳ ಲೆಕ್ಕ. ಮೀನಿಗೂ ಲಾರಿಗೂ ಏನು ಸಂಬಂಧ ಎಂದು ನಾನು ಮುಖಕ್ಕೇ ಕೇಳಿದ್ದೆ.

“ಸಂಬಂಧ ಇಲ್ಲ ಅಕ್ಕ, ನಂಗೂ ಗೊತ್ತು,” ಅಂದಳು. ಅಂದವಳು ಮತ್ತೆ ಬುಂಡೆಯ ಕಡೆಗೇ ನೋಡಿದಳು.

ಮಗಳ ಬಾಣಂತನಕ್ಕೆ ಅವಳು ಕೋಲಾರಕ್ಕೆ ಹೋಗಬೇಕಾಗಿ ಬಂತು. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಈಗಿನ ಬಸ್ಸಿನಲ್ಲಿ ಮನುಷ್ಯರ ಮೂಳೆಯೇ ಉಳಿಯುವುದಿಲ್ಲ, ಗಾಜು ಎಲ್ಲಿ ಉಳಿದೀತು? ಬುಂಡೆ ನಮ್ಮ ಪಡಸಾಲೆಗೆ ಬಂತು. ದಿನಕ್ಕೆ ಒಂದು ಚಿಟಿಕೆ ಶಾವಿಗೆ ಪುಡಿ, ಎರಡು ಚೆಂಬು ಹಳೆ ನೀರು ತೆಗೆದು ಎರಡು ಚೆಂಬು ಹೊಸ ನೀರು, ಇಷ್ಟೇ ಎಂದು ಹೇಳಿ ಹೋದಳು. ನನಗೆ ಆ ಚಿಟಿಕೆಯ ಮಾತು ಹಿಡಿಸಲಿಲ್ಲ. ಚಿಟಿಕೆ ಲೆಕ್ಕದಲ್ಲಿ ನಾವು ಹಾಕುವುದು ಇಂಗು. ನಮ್ಮ ಮನೆಗೆ ಬಂದವರು ಎಲೆಯ ಮುಂದಿನಿಂದ ತಾವಾಗಿ ಎದ್ದದ್ದಿಲ್ಲ, ಯಾರಾದರೂ ಹಿಡಿದು ಎಬ್ಬಿಸಬೇಕು. ಮಾಲೂರಿನ ನನ್ನ ನಾದಿನಿ ವಾರವಿರುತ್ತೇನೆಂದು ಬಂದವಳು ಮಾರನೆಯ ದಿನವೇ ಹೊಟ್ಟೆ ಹಿಡಿದುಕೊಂಡು ಹೊರಟಳು. ಊರ ನೆನಪಾಯಿತು ಎಂದಳು. ನಾನು ನಂಬಿದೆ.

ಮೀನುಗಳು ನನ್ನನ್ನು ಕಂಡ ಕೂಡಲೇ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪಾಪ, ಹಸಿವು ಎಂದುಕೊಂಡು ರಾಗಿ ಮುದ್ದೆಯನ್ನು ಚೂರು ಮಾಡಿ ಹಾಕಿದೆ. ತಿಂದವು. ಮತ್ತೆ ಬಾಯಿ ಬಿಟ್ಟವು. ಮತ್ತೆ ಹಾಕಿದೆ. ಎಷ್ಟು ಹಾಕಿದರೂ ಬೇಡ ಎನ್ನದ ಜೀವವನ್ನು ನಾನು ಜನ್ಮದಲ್ಲಿ ಮೊದಲ ಬಾರಿ ಕಂಡದ್ದು. ನಾಲ್ಕಾರು ದಿನ ಬಹಳ ಸಂತೋಷವಾಗಿದ್ದೆ. ಅಷ್ಟರಲ್ಲಿ ಬುಂಡೆಯ ನೀರು ಗಂಜಿಯ ಬಣ್ಣಕ್ಕೆ ತಿರುಗಿತು. ದೊಡ್ಡ ಮೀನಿನ ಹೊಟ್ಟೆ ಊದಿಕೊಂಡು, ಅದು ಒಂದು ಪಕ್ಕಕ್ಕೆ ವಾಲಿ, ನೀರಿನ ಮೇಲೆಯೇ ಬಾಯಿ ಬಿಡುತ್ತ ನಿಂತಿತು. ನಿಶ್ಶಕ್ತಿ ಎಂದು ಇನ್ನಷ್ಟು ಮುದ್ದೆ ಹಾಕಿದೆ.

ಮುಟ್ಟಿ ನೋಡೋಣವೆಂದರೆ ಕಿವಿಯಿಲ್ಲ. ಮೂಗು ಒಣಗಿದೆಯೇ ಎಂದರೆ ಇಡೀ ಮೈಯೇ ಒದ್ದೆ. ಮೆಲುಕೋ, ಹಗಲೂ ರಾತ್ರಿ ಹಾಕುತ್ತಲೇ ಇರುತ್ತದೆ. ಕೊನೆಗೆ ಸಗಣಿ ನೋಡೋಣವೆಂದು ಗಾಜಿಗೆ ಕಣ್ಣು ಹಚ್ಚಿ ಕೂತೆ. ಹಿಂದೆ ಒಂದು ಬಿಳಿ ದಾರ ಜೋತುಬಿದ್ದಿತ್ತು. ಎಮ್ಮೆಗೆ ದಾರ ಜೋತದ್ದನ್ನು ನಾನು ಕಂಡಿಲ್ಲ. ನನ್ನ ವೈದ್ಯವಿದ್ಯೆ ಅಲ್ಲಿಗೆ ಮುಗಿಯಿತು. ಸತ್ತರೆ ಅಂಥದ್ದೇ ಇನ್ನೊಂದನ್ನು ತಂದುಬಿಡೋಣವೆಂದು ಕೆರೆಯ ಕಡೆಗೂ ಒಮ್ಮೆ ಹೋಗಿಬಂದೆ. ಅಲ್ಲಿದ್ದ ಮೀನುಗಳದ್ದೆಲ್ಲ ನನ್ನ ಹಾಗೆ ಮಣ್ಣಿನ ಬಣ್ಣ. ಮೀನು ಸತ್ತರೆ ಮೀನು ಸತ್ತಿತು ಎಂದು ನಾನು ಹೇಳಬಲ್ಲೆ, ಅದಕ್ಕೇನು. ಖೈರುನ್‌ಬಿ ಕೇಳಿಸಿಕೊಳ್ಳುವುದು ಬೇರೆ ಮಾತನ್ನು.

ಆವತ್ತು ಊಟಕ್ಕೆ ಕೂತ ನಮ್ಮ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಇನ್ನೊಂದು ಮುದ್ದೆ ಇಟ್ಟೆ. ಮತ್ತೆ ತೆರೆದರು. ಸಾರು ಬಿಟ್ಟೆ. ಮೂರನೆಯ ಸಲ ಅವರು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು.

“ಲೇ, ಎಮ್ಮೆಗೆ ಹೊಟ್ಟೆ ಉಬ್ಬಿದ್ರೆ ಮೇವು ಹಾಕ್ತೀಯೇನೇ?”

ಯಾರಾದರೂ ಹಾಕುತ್ತಾರೆಯೇ ಎಂದೆ.

“ಮತ್ತೆ ಆ ಮೀನಿಗ್ಯಾಕೆ ತುರುಕ್ತಾ ಇದೀಯ? ಲಂಖಣಂ ಪರಮೌಷಧಂ ಅಂತ ನಮ್ಮಜ್ಜಿ ತೆಲುಗಲ್ಲಿ ಬಡ್ಕೋತಿದ್ಳು. ಉಪವಾಸ ಕೆಡವು.”

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ನಾನು ರೇಗಿದೆ. ಮೂರು ದಿನದಿಂದ ಹೇಳಲು ನೋಡುತ್ತಿದ್ದೇನೆ, ಬಾಯಿ ಖಾಲಿ ಇದ್ದರಲ್ಲವೇ ಎಂದರು.

ಬಾವಿ ನೀರು ಸೇದಿ, ತಣ್ಣನೆಯದನ್ನು ಹಾಗೇ ಸುರಿದರೆ ಜೀವ ಬೆದರೀತೆಂದು ಅಂಗಳದ ಬಿಸಿಲಿಗಿಟ್ಟು, ಹಳೆಯದನ್ನು ಮೊಗೆದಂತೆಲ್ಲ ಚೆಂಬು ಚೆಂಬಾಗಿ ತುಂಬಿದೆ. ಅದೇನೂ ಕಷ್ಟವಾಗಲಿಲ್ಲ. ಹಾಕದೆ ಇರುವುದೇ ಕಷ್ಟವಾದದ್ದು. ಗಾಜಿನಾಚೆಯಿಂದ ಅದು ನನ್ನನ್ನೇ ನೋಡಿ ಬಾಯಿ ಬಿಡುತ್ತಿತ್ತು. ನೋಡಲಾರದೆ ಬುಂಡೆಗೆ ಹಳೆಯ ಸೀರೆಯ ತುಂಡು ಸುತ್ತಿದೆ. ಉಸಿರು ಕಟ್ಟೀತೆಂದು ಬುಂಡೆಯ ಬಾಯಿ ಮಾತ್ರ ಮುಚ್ಚಲಿಲ್ಲ. ದಿನಾ ಬಟ್ಟೆಯನ್ನು ಒಂದಿಷ್ಟು ಸರಿಸಿ ಇಣುಕುತ್ತಿದ್ದೆ. ಮೊದಲು ದಾರ ಕಳಚಿತು. ಆಮೇಲೆ ಹೊಟ್ಟೆ ಇಳಿಯಿತು. ಒಂದು ಬೆಳಿಗ್ಗೆ ನೋಡಿದರೆ ಎರಡೂ ನೆಟ್ಟಗೆ ಈಜುತ್ತ ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಆವತ್ತಿನಿಂದ ಚಿಟಿಕೆಗಿಂತ ಒಂದು ಕಾಳೂ ಹೆಚ್ಚು ಹಾಕಲಿಲ್ಲ.

ಖೈರುನ್‌ಬಿ ಕೋಲಾರದಿಂದ ಬಂದವಳು ತನ್ನ ಮನೆಯ ಬೀಗವನ್ನೂ ತೆಗೆಯದೆ ನೇರ ನಮ್ಮ ಪಡಸಾಲೆಗೆ ಬಂದಳು. ಬುಂಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. “ಓಡಾಡ್ತಾ ಇವೆ,” ಎಂದಳು, ನನಗಲ್ಲ, ತನಗೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. ಎದ್ದ ಮೇಲೆ ಇನ್ನೊಮ್ಮೆ ಬಗ್ಗಿ ನೋಡಿದಳು.

“ಆದ್ರೆ ಇಳಿದುಹೋಗಿವೆ ಅಕ್ಕ. ಸರಿಯಾಗಿ ಹಾಕ್ಲಿಲ್ವಾ ನೀವು?”

ಈ ಊರಿನಲ್ಲಿ ಬಾಳಿದಷ್ಟು ವರ್ಷವೂ ನನ್ನ ಮೇಲೆ ಯಾರೂ ಹೊರಿಸದ ಅಪವಾದ. ತಕ್ಕ ಉತ್ತರ ಕೊಡೋಣವೆಂದು ಬಾಯಿ ತೆರೆದೆ. ಅವಳಿಗೆ ಮೊಮ್ಮಗ ಹುಟ್ಟಿದ್ದನಂತೆ, ಒಂದು ಹಿಡಿ ಸಕ್ಕರೆ ತುರುಕಿದಳು. ಯುದ್ಧಕಾಲದಲ್ಲಿ ಅಳೆದು ಕೊಡುವ ಕಂಟ್ರೋಲಿನ ಸಕ್ಕರೆ. ಉಗುಳಿ ಮಾತಾಡುವ ಹಾಗಿರಲಿಲ್ಲ, ನುಂಗಿದೆ.