ಕೈಕೊಟ್ಟ ಕೋಟು

ಎರಡು ದಿನದಿಂದ ಮೇಷ್ಟ್ರಿಗೆ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡೇ ಊಟ. ಕಾರಣ, ಊಟದ ಮೇಜಿನ ಮೇಲೆ ಒಂದು ಕೆಂಪು ಕೋಟು ಮಲಗಿತ್ತು. ಕೋಟೆಂದರೆ ಪೂರ್ತಿ ಕೋಟಲ್ಲ. ಬೆನ್ನು, ಎದೆ, ಕಾಲರು, ತೋಳು ಎಂದು ಕತ್ತರಿಸಿಟ್ಟ ತುಂಡುಗಳ ಗಂಟು. ಬ್ಯಾಂಡ್ ಮಾಸ್ಟರ್ ಅವರದು. ಆಸಾಮಿಯ ಗಾತ್ರ ಎಂಥದೆಂದರೆ, ಅಳತೆ ತೆಗೆಯುವಾಗ ಮೇಷ್ಟ್ರ ಹೆಂಡತಿ ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು, ಇನ್ನೊಂದು ತುದಿ ಹಿಡಿದು ಸುತ್ತು ಹಾಕಬೇಕಾಯಿತು. ಊದುವಾಗ ಕೈ ಎಷ್ಟು ಚಾಚುತ್ತದೆಂದು ತೋರಿಸಲು ತಂದಿದ್ದ ಹಿತ್ತಾಳೆ ಕಹಳೆಯನ್ನೂ ಅವರು ಇಲ್ಲೇ ಬಿಟ್ಟುಹೋಗಿದ್ದರು. ಅದೂ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು.

ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವಾಕೆ. ಈ ಕೋಟು ಮೈಗೆ ಸರಿಯಾಗಿ ಕೂತರೆ ಇಡೀ ಬ್ಯಾಂಡಿನ ಕೋಟುಗಳ ಹೊಲಿಗೆ ಅವಳಿಗೇ ಎಂದು ಮಾಸ್ಟರ್ ಮಾತು ಕೊಟ್ಟಿದ್ದರು. ಆದ್ದರಿಂದ ಗಂಟನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ.

"ಬೀರುವಿನಲ್ಲಿ ಇಡಬಾರದೇನೇ ಇದನ್ನ?" ಎಂದರು ಮೇಷ್ಟ್ರು.

"ಯಾವ ಖಾನೆಯಲ್ಲಿ ಹಿಡಿಸುತ್ತೆ, ನೀವೇ ತೋರಿಸಿ."

ಮೇಷ್ಟ್ರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಬೀರು ತೆರೆದವರಿಗೆ ಮೈ ಜುಮ್ಮೆಂದಿತು. ಇದು ಬೀರುವಲ್ಲ, ಸಾಕ್ಷಾತ್ ಕಂಪ್ಯೂಟರಿನ ಡಿಸ್ಕು! ಒಬ್ಬೊಬ್ಬ ಗಿರಾಕಿಯ ಬಟ್ಟೆಯೂ ಒಂದೇ ಗಂಟು, ಒಂದೇ ಕಡೆ. ಹೊಲಿದು ಕೊಟ್ಟವರ ಗಂಟು ಹೋದ ಕಡೆಯಲ್ಲೆಲ್ಲ ಅಲ್ಲೊಂದು ಗೇಣು, ಇಲ್ಲೊಂದು ಚೋಟು ಖಾಲಿ. ಕೂಡಿಸಿದರೆ ಎರಡು ಕೋಟು ಹಿಡಿಸುವಷ್ಟು ಜಾಗ. ಆದರೆ ಒಂದೇ ಕಡೆ ಅರ್ಧ ಕೋಟಿಗೂ ಇಲ್ಲ.

"ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಮದ್ದಿದೆ! ಫೈಲು ಒಂದೇ ಕಡೆ ಇರಬೇಕು ಅಂತ ಹಟ ಯಾಕೆ? ತುಂಡು ತುಂಡಾಗಿ ಖಾಲಿ ಕಂಡ ಕಡೆ ಇಡೋದು. ಪ್ರತಿ ತುಂಡಿಗೂ ಒಂದು ಚೀಟಿ, ಮುಂದಿನದು ಇಂಥ ಕಡೆ ಇದೆ ಅಂತ. ಮೊದಲನೆಯದು ಸಿಕ್ಕಿದರೆ ಸಾಕು, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತೆ."

"ನಿಮ್ಮ ಶಾಸ್ತ್ರ ಕಾಲೇಜಿನಲ್ಲಿರಲಿ. ನನ್ನ ಗಂಟಿನ ತಂಟೆಗೆ ಬಂದರೆ ನೋಡಿ!" ಎಂದು ಹೆಂಡತಿ ಗುಂಡಿ ತರಲು ಪೇಟೆಗೆ ಹೋದಳು.

('ನೋಡಿ' ಎಂದಳಲ್ಲ, ಮೇಷ್ಟ್ರು ಅದನ್ನು ಅನುಮತಿ ಎಂದೇ ತಿಳಿದರು.)

ಬೆನ್ನು ಬೀರುವಿನ ಮೇಲಿನ ಖಾನೆಗೆ ಹೋಯಿತು. ಎದೆ ಛತ್ರಿಗಳ ಹಿಂದೆ, ಕಾಲರು ಬೂಟಿನ ಡಬ್ಬಿಯೊಳಗೆ, ಬಲತೋಳು ಮೇಷ್ಟ್ರ ಅಮ್ಮನ ದಿಂಬಿನ ಕೆಳಗೆ. ಹೀಗೆ ಖಾಲಿ ಕಂಡಲ್ಲೆಲ್ಲ ಒಂದೊಂದು ತುಂಡು ತುರುಕಿ, ಒಂದೊಂದಕ್ಕೂ ಗುಂಡುಸೂಜಿಯಿಂದ ಚೀಟಿ ಚುಚ್ಚಿದರು. ಕಟ್ಟಕಡೆಯ ತುಂಡಿನ ಚೀಟಿಯಲ್ಲಿ 'ಮುಗಿಯಿತು' ಎಂದು ಬರೆದರು. ಎಲ್ಲಿ ಏನಿಟ್ಟೆ ಎಂದು ನೆನಪಿಡುವ ಗೋಜಿಗೆ ಹೋಗಲಿಲ್ಲ. ನೆನಪಿಡಬೇಕಾಗಿಲ್ಲ ಎನ್ನುವುದೇ ತಾನೇ ಈ ವ್ಯವಸ್ಥೆಯ ಸೊಗಸು!

ಆ ರಾತ್ರಿ ಅವರು ಮೇಜಿನ ಮೇಲೆ ಕೈಚಾಚಿ ಊಟ ಮಾಡಿದರು. ಹೆಂಡತಿ ಬಡಿಸಿದ ಸದ್ದೇ ಸಾಕಷ್ಟು ಮಾತಾಡಿತು.

ಮರುದಿನ ಅವಳು ಮಷೀನಿನ ಮುಂದೆ ಕೂತಳು. ಮೇಷ್ಟ್ರು ಚೀಟಿ ಓದಿ ಓದಿ ತುಂಡು ತಂದುಕೊಟ್ಟರು. ಬೆನ್ನು ಬಂತು, ಎದೆ ಬಂತು, ಕಾಲರು ಬಂತು. ಬಲತೋಳೂ ಬಂತು. ಅದರಲ್ಲಿ ಚೀಟಿ ಇರಲಿಲ್ಲ.

"ಅಮ್ಮಾ, ನಿನ್ನ ದಿಂಬಿನ ಕೆಳಗೊಂದು ಚೀಟಿ ಇತ್ತಲ್ಲ?"

"ಇತ್ತು ಕಣೋ. ಗುಂಡುಸೂಜಿ ಕೆನ್ನೆಗೆ ಚುಚ್ಚಿತು. ಇಂಥ ಮಗನನ್ನ ಹೆತ್ತೆನಲ್ಲ ಅಂದ್ಕೊಂಡು ಕಿತ್ತು ಕಸಕ್ಕೆ ಹಾಕಿದೆ. ಕಸದ ಗಾಡಿ ಬಂದು ಹೋಗಾಯ್ತು."

"ಅಯ್ಯೋ! ಅದರಲ್ಲಿ ಏನು ಬರೆದಿತ್ತು?"

"ಕನ್ನಡಕ ಹಾಕ್ಕೊಂಡು ಮಲಗ್ತೀನೇನೋ ನಾನು?"

ಚೀಟಿಗಳ ಸರಪಳಿ ಕೈಕೊಟ್ಟಿತ್ತು. ಕೋಟಿಗೆ ಬೇಕಾದ ಕೈಯನ್ನು ಮಾತ್ರ ಕೊಟ್ಟಿರಲಿಲ್ಲ.

"ರೀ, ಎಡತೋಳು ಎಲ್ಲಿ?"

"ನಡುವೆ ಒಂದು ಕೊಂಡಿ ಕಳಚಿದರೆ ಮುಂದಿನದು ಸಿಗೋದಿಲ್ಲ ಕಣೇ. ಇದು ಈ ಪದ್ಧತಿಯ ಸುಪ್ರಸಿದ್ಧ ದೋಷ."

"ಸುಪ್ರಸಿದ್ಧ ಅಂತ ಗೊತ್ತಿದ್ದೂ ಮಾಡಿದಿರಾ? ಎಲ್ಲಾ ತುಂಡೂ ಎಲ್ಲೆಲ್ಲಿದೆ ಅಂತ ಒಂದೇ ಹಾಳೆಯಲ್ಲಿ ಬರೆದಿಡೋಕೆ ಏನಾಗಿತ್ತು?"

ಮೇಷ್ಟ್ರು ತಲೆ ಕೆರೆದುಕೊಂಡರು. "ಅದು ಮುಂದಿನ ವಾರದ ಪಾಠ."

ಮನೆಯೆಲ್ಲ ತಲೆಕೆಳಗಾಯಿತು. ಮಂಚದ ಕೆಳಗೆ, ಬಕೆಟ್ಟಿನೊಳಗೆ, ಹಿಟ್ಟಿನ ಡಬ್ಬದ ಹಿಂದೆ, ಎಲ್ಲೂ ಇಲ್ಲ. ಬೇರೆ ತೋಳು ಕತ್ತರಿಸೋಣವೆಂದರೆ ಆ ಕೆಂಪಿನ ಬಟ್ಟೆ ಒಂದು ಅಂಗೈಯಗಲವೂ ಉಳಿದಿರಲಿಲ್ಲ. ಹೆಂಡತಿ ಒಂದೇ ತೋಳಿನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಅವಳು ಬೈಯುತ್ತಿದ್ದರೇ ಚೆನ್ನಾಗಿತ್ತು ಎನಿಸಿತು ಮೇಷ್ಟ್ರಿಗೆ.

ಅಷ್ಟರಲ್ಲಿ ಬ್ಯಾಂಡ್ ಮಾಸ್ಟರ್ ಬಂದರು. ಬೆಳಿಗ್ಗೆ ಅಮ್ಮನ ಕೈಯಿಂದ ಕಹಳೆ ಇಸಕೊಂಡು ಹೋದವರು, ಈಗ ಅದನ್ನು ಮಗುವಿನಂತೆ ಎದೆಗವಚಿಕೊಂಡು, ಮುಖ ಇಳಿಬಿಟ್ಟುಕೊಂಡು ನಿಂತಿದ್ದರು.

"ಕೋಟು ಬೇಡಮ್ಮ. ಬೆಳಿಗ್ಗೆಯಿಂದ ಊದ್ತಾ ಇದ್ದೀನಿ, ಎಮ್ಮೆ ಸೀನಿದ ಹಾಗೆ ಬರುತ್ತೆ. ಹುಡುಗರು ಮುಖ ತಿರುಗಿಸ್ಕೊಂಡು ನಗ್ತಾರೆ. ನನ್ನ ದಮ್ಮು ಮುಗೀತು, ಇನ್ನು ಈ ಕೆಲಸ ಬಿಡೋದೇ."

ಮೇಷ್ಟ್ರು ಕಹಳೆಯ ಬಾಯನ್ನು ನೋಡಿದರು. ಇದ್ದಕ್ಕಿದ್ದಂತೆ ಅವರಿಗೆ ಎಲ್ಲ ನೆನಪಾಯಿತು. ಅದರೊಳಗೆ ಮೊಳಕೈವರೆಗೆ ಕೈ ತೂರಿಸಿ ಎಳೆದರು. ಕೆಂಪು ಎಡತೋಳು ಸುರುಳಿ ಬಿಚ್ಚಿಕೊಂಡು ಹೊರಬಂತು. ಅದಕ್ಕೆ ಚುಚ್ಚಿದ್ದ ಚೀಟಿಯನ್ನು ಮಾಸ್ಟರ್ ಗಟ್ಟಿಯಾಗಿ ಓದಿದರು: "ಮುಗಿಯಿತು."

ಆಮೇಲೆ ಅವರು ಕಹಳೆಯನ್ನು ತುಟಿಗಿಟ್ಟು ಊದಿದರು. ಕಿಟಕಿಗಳು ಗಡಗಡ ಎಂದವು. ಒಳಗಿನಿಂದ ಅಮ್ಮ "ಏನಾಯ್ತೋ, ಸೂರು ಬಿತ್ತೇನೋ?" ಎಂದು ಕೂಗಿದರು. ಮಾಸ್ಟರ್ ಕಣ್ಣಲ್ಲಿ ನೀರು. ಅವರು ಕಣ್ಣೊರೆಸಿಕೊಂಡು ಮತ್ತೆರಡು ಸಲ ಊದುವಷ್ಟರಲ್ಲಿ ಹೆಂಡತಿ ತೋಳು ಕೂರಿಸಿ, ಕೋಟು ತೊಡಿಸಿಯೇ ಬಿಟ್ಟಳು. ಎಲ್ಲೂ ಒಂದು ನೆರಿಗೆ ಇಲ್ಲ.

"ಭೇಷ್! ನಾಳೆಯೇ ಎಲ್ಲರ ಬಟ್ಟೆ ಗಾಡಿಯಲ್ಲಿ ಕಳಿಸ್ತೀನಿ. ಅಷ್ಟೆಲ್ಲ ಇಡೋಕೆ ಜಾಗ ಇದೆಯೇನಮ್ಮ?"

ಹೆಂಡತಿಯ ಕಣ್ಣು ನಿಧಾನವಾಗಿ ಮನೆಯನ್ನೆಲ್ಲ ಸುತ್ತಿ, ಮೇಷ್ಟ್ರು ಪಾಠ ಸಿದ್ಧಮಾಡುವ ಕೋಣೆಯ ಬಾಗಿಲಲ್ಲಿ ನಿಂತಿತು. ಉದ್ದನೆಯ ಕೋಣೆ, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಕಪಾಟು.

"ಧಾರಾಳವಾಗಿ ಇದೆ, ಕಳಿಸಿ," ಎಂದಳು. ಅವರು ಹೋದ ಮೇಲೆ ಗಂಡನ ಕಡೆ ತಿರುಗಿ ನಕ್ಕಳು. ಎರಡು ದಿನದಲ್ಲಿ ಅದೇ ಮೊದಲ ನಗು.

"ರೀ, ಮದುವೆಯಾದಾಗಿನಿಂದ ಈ ಮಾತನ್ನ ನಿಮಗೆ ಬರೀ ಸಿಟ್ಟಿನಲ್ಲೇ ಹೇಳಿದ್ದೀನಿ. ಇವತ್ತು ಪ್ರೀತಿಯಿಂದ ಹೇಳ್ತಾ ಇದ್ದೀನಿ, ಜಾಗ ಖಾಲಿ ಮಾಡಿ."