ಗಡಿಯಾರದಣ್ಣನ ಬೂದು ಸ್ವೆಟರು

ಗಂಡನ ಕ್ರಿಯೆಗಳೆಲ್ಲ ಮುಗಿದು ನೆಂಟರು ಅವರವರ ಮನೆ ಸೇರಿದ ಮರುದಿನ ಬೆಳಗ್ಗೆ ಅವಳು ಹಾಲು ಕಾಯಿಸುತ್ತಿದ್ದಳು. ಬಾಗಿಲಲ್ಲಿ ಯಾರೋ ಕೆಮ್ಮಿದರು. ಪಕ್ಕದ ಮನೆಯ ವಾಚು ರಿಪೇರಿಯವನು. ಇಡೀ ಬೀದಿಗೆ ಗಡಿಯಾರದಣ್ಣ.

"ಇಂಥಾ ಹೊತ್ತಲ್ಲಿ ಕೇಳಬಾರದು ತಂಗಿ. ಆದ್ರೆ ಚಳಿ ಕೇಳಬೇಕಲ್ಲ? ನಿಮ್ಮೆಜಮಾನ್ರು ನನ್ನ ಬೂದು ಸ್ವೆಟರು ಇಸ್ಕೊಂಡಿದ್ರು."

ಅವಳು ಬೀರು, ಟ್ರಂಕು ಎಲ್ಲ ಜಾಲಾಡಿದಳು. ಸಹಾಯಕ್ಕೆಂದು ನುಗ್ಗಿದ ಎದುರುಮನೆ ಅಜ್ಜಿ ಅಕ್ಕಿ ಡಬ್ಬಕ್ಕೂ ಕೈ ಹಾಕಿದಳು.

"ಇಲ್ಲ ಅಂದ್ಮೇಲೆ ಯಾರಿಗೋ ಕೊಟ್ಟಿರ್ಬೇಕು. ಯಾರಿಗೆ?"

ಆ 'ಯಾರಿಗೆ'ಯೊಳಗೆ ಬಳೆಗಳ ಸದ್ದಿತ್ತು.

ಗಂಡ ದೊಡ್ಡ ಮನುಷ್ಯರೊಬ್ಬರ ಕಾರು ಓಡಿಸುತ್ತಿದ್ದ. ಯಾರದೆಂದು ಹೆಂಡತಿಗೂ ಹೇಳಿದವನಲ್ಲ. "ಈ ಕೆಲಸದಲ್ಲಿ ಸ್ಟೀರಿಂಗಿಗಿಂತ ಮೊದ್ಲು ಬಾಯಿ ಹಿಡ್ಕೋಬೇಕು ಕಣೇ" ಎನ್ನುತ್ತಿದ್ದ.

ಸ್ವೆಟರು ಅಲ್ಲೇನಾದರೂ ಇದೆಯೇ ಎಂದು ಕೇಳಲು ಅವಳು ಅವನನ್ನು ಕೆಲಸಕ್ಕೆ ಕಳಿಸುತ್ತಿದ್ದ ಟ್ರಾವೆಲ್ಸ್ ಆಫೀಸಿಗೆ ಹೋದಳು. ಮ್ಯಾನೇಜರು ಒಳಗೆ ಹೋಗಿ ಪಿಸುದನಿಯಲ್ಲಿ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಹಿಂದಿನ ಗೇಟಿನಲ್ಲಿ ಕಪ್ಪು ಗಾಜಿನ ಕಾರು ಬಂದು ನಿಂತಿತು. ಗಾಜು ಇಳಿಯಿತು. ಒಳಗಿದ್ದುದು ದಿನಾ ಪೇಪರಿನಲ್ಲಿ ಬರುವ ಮುಖ. ಮೈಮೇಲೆ ಗಡಿಯಾರದಣ್ಣನ ಸ್ವೆಟರು.

"ಇದನ್ನ ಹಾಕ್ಕೊಂಡ್ರೆ ರೈಲ್ವೆ ಸ್ಟೇಷನ್ನಿನ ಗದ್ದಲದಲ್ಲೂ ಯಾರೂ ನನ್ನ ತಿರುಗಿ ನೋಡಲ್ಲಮ್ಮ. ನಿಮ್ಮೆಜಮಾನ್ರ ಉಪಾಯ" ಎಂದು ಸಾಹುಕಾರರು ಬಿಚ್ಚಿ ಕೊಟ್ಟರು. "ನಿಮಗೆ ಹೇಳಿರ್ತಾರೆ."

"ಇಲ್ಲ."

"ನಿಮಗೂ ಇಲ್ವೆ?" ಅವರು ಕೂತಲ್ಲೇ ಕೈಮುಗಿದರು.

ವಾಪಸು ಬರುವಾಗ ಅವಳ ಬೆನ್ನು ನೆಟ್ಟಗಿತ್ತು.

ಅವಳ ಮನೆ ಜಗಲಿಯಲ್ಲಿ ಅಜ್ಜಿಯ ಜೊತೆ ಕಾದಿದ್ದ ಗಡಿಯಾರದಣ್ಣ ವಾಚು ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಸ್ವೆಟರನ್ನು ಪರೀಕ್ಷಿಸಿದ. "ಇದು ನಂದಲ್ಲ! ನನ್ನದಕ್ಕೆ ಮೊಣಕೈಯಲ್ಲಿ ತೂತಿತ್ತು. ಇದಕ್ಕೆ ಯಾರೋ ರೇಷ್ಮೆ ದಾರದಲ್ಲಿ ಹೊಲಿಗೆ ಹಾಕಿದಾರೆ."

ಅಜ್ಜಿ ಮೂಸಿದಳು. "ಸೆಂಟು ಬೇರೆ!"

ಒಂದು ಹೆಸರು ಹೇಳಿದರೆ ಗಂಡನ ಮಾನ ಉಳಿಯುತ್ತಿತ್ತು. ಆದರೆ ಇಷ್ಟು ದಿನ ಅವನು ಕಾಪಾಡಿದ ಗುಟ್ಟು ಬೀದಿಗೆ ಬೀಳುತ್ತಿತ್ತು.

"ತಪ್ಪಾಯ್ತಣ್ಣ, ಅದು ಬೇರೆ. ನಿಮ್ಮದು ತರ್ತೀನಿ" ಎಂದು ಅವಳು ಒಳಗೆ ಹೋದಳು. ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಈರುಳ್ಳಿ ಹೆಚ್ಚಿ ಕಾಲರಿಗೆ, ಕಂಕುಳಿಗೆ ಚೆನ್ನಾಗಿ ತಿಕ್ಕಿ ತಂದಳು.

ಗಡಿಯಾರದಣ್ಣನ ಮುಖ ಅರಳಿತು. "ಹಾಂ! ಇದು ನಂದು. ನನ್ನದೇ ತೂತು, ನನ್ನದೇ ವಾಸನೆ!"

ಅಜ್ಜಿ ಬೀದಿಗೆಲ್ಲ ಕೇಳುವಂತೆ ಲೊಚಗುಟ್ಟಿದಳು. "ಹಾಗಾದ್ರೆ ಆ ಸೆಂಟಿನ ಸ್ವೆಟರು ಯಾವಳದ್ದೇ, ತಾಯಿ?"

ಅವಳು ಸ್ವೆಟರನ್ನು ಮಡಿಸಿ ಗಡಿಯಾರದಣ್ಣನ ಕೈಗಿಟ್ಟಳು.

"ಇಸ್ಕೊಂಡಿದ್ದು ಮುಟ್ಟಿಸಿದೀನಿ ಅಣ್ಣ" ಎಂದಳು. ತಲೆ ತಗ್ಗಿಸಲಿಲ್ಲ.